ಹರಿಯುವ ಕಾಂಕ್ರೀಟು ಮತ್ತು ನಮ್ಮ ಹಾರುಬೂದಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವ್ಯಾಸಪೀಠದ ಮೇಲಿಂದ ನುಡಿಯ ಮಾತು, ನಾಡಿನ ಮಾತು, ಶರಣರ ಮಾತುಗಳನ್ನು ಕೇಳುವದು ತಮ್ಮೆಲ್ಲರ ರೂಢಿ. ಈ ಸಲ ಸಂಘದವರು ಕಾಂಕ್ರೀಟಿನ ವಿಷಯವಾಗಿ ಮಾತನಾಡಬೇಕೆಂದು ನಮಗೆ ಅಪ್ಪಣೆ ಮಾಡಿದ್ದಾರೆ. ಇದೇನು ಗೌಂಡಿಗಳ ಸಭೆಯೇ ಎಂದು ಯಾರಾದರೂ ನಕ್ಕರೆ ನಮಗೆ ಬೇಸರವಿಲ್ಲ. ಯಾಕಂದರೆ ನಮ್ಮ ಸೊನ್ನಲಿಗೆಯು ಹನ್ನೆರಡನೆಯ ಶತಮಾನದಿಂದ ಹೆಸರುವಾಸಿಯಾದದ್ದೇ ಕಟ್ಟುವ ಕೆಲಸದಿಂದ. ಶ್ರೀ ಸಿದ್ಧರಾಮೇಶ್ವರರು ಇಲ್ಲಿ ಗುಡಿ ಕಟ್ಟಿಸಿದರು, ಕೆರೆ ತೋಡಿಸಿದರು. ಮಣ್ಣು ಹೊರುವ ಬುಟ್ಟಿಯನ್ನೂ ಜಪಮಾಲೆಯನ್ನೂ ಅವರು ಬೇರೆ ಬೇರೆಯಾಗಿ ಎಣಿಸಲಿಲ್ಲ. ಅಂಥ ಊರಿನಲ್ಲಿ ಕಟ್ಟಡದ ಮಾತು ಯಾರಿಗೂ ಪರಕೀಯವಾಗಲಾರದು.

ವಿಜಾಪುರ ರಸ್ತೆಯನ್ನು ಹಿಡಿದು ಸೈಫುಲ, ಸೋರೇಗಾವಿಗಳನ್ನು ದಾಟಿ ತೆಂಕಣಕ್ಕೆ ಹೋದರೆ, ಜೋಳ ತೂಗುತ್ತಿದ್ದ ಹೊಲಗಳಲ್ಲಿ ಕಾಂಕ್ರೀಟಿನ ಮನೆಗಳು ಎದ್ದುನಿಂತಿರುವದನ್ನು ತಾವು ನೋಡುತ್ತಲೇ ಇದ್ದೀರಿ. ವಡಕಬಾಳದಲ್ಲಿ ಸೀನಾ ನದಿಯ ಸೇತುವೆ, ಟಾಕಳಿಯ ಆಚೆಗೆ ಭೀಮೆಯ ಸೇತುವೆ, ಅದನ್ನು ದಾಟಿದರೆ ಧೂಳಖೇಡ. ಇದೇ ದಕ್ಷಿಣ ಸೊಲ್ಲಾಪುರ ತಾಲೂಕಿನ ಆಹೇರವಾಡಿ-ಫತಾಟೇವಾಡಿಗಳ ಹತ್ತಿರ ರಾಷ್ಟ್ರೀಯ ಉಷ್ಣವಿದ್ಯುತ್ ನಿಗಮದ ಸ್ಥಾವರವಿದೆ. ೬೬೦ ಮೆಗಾವ್ಯಾಟಿನ ಎರಡು ಘಟಕಗಳು. ಒಂದು ೨೦೧೭ರಲ್ಲಿಯೂ ಇನ್ನೊಂದು ೨೦೧೯ರಲ್ಲಿಯೂ ವ್ಯಾಪಾರೀ ಉತ್ಪಾದನೆಯನ್ನು ಆರಂಭಿಸಿದವು. ಹೊಳೆಯ ಆಚೆಗೆ ವಿಜಾಪುರ ಜಿಲ್ಲೆಯ ಕೂಡಗಿಯಲ್ಲಿ ಅದೇ ನಿಗಮದ ೨೪೦೦ ಮೆಗಾವ್ಯಾಟಿನ ಇನ್ನೊಂದು ದೊಡ್ಡ ಸ್ಥಾವರ. ನಮ್ಮ ದೇಶದ ಕಲ್ಲಿದ್ದಲನ್ನು ನೂರು ಕಿಲೋ ಸುಟ್ಟರೆ ಮೂವತ್ತರಿಂದ ನಾಲ್ವತ್ತು ಕಿಲೋ ಬೂದಿಯೇ ಉಳಿಯುವದು. ಹೀಗೆ ಕನ್ನಡಿಗರು ವಾಸಿಸುವ ಈ ಪಟ್ಟಿಯ ಎರಡೂ ಮಗ್ಗಲಿಗೆ ಬೂದಿಯ ಗುಡ್ಡಗಳು ಬೆಳೆಯತಕ್ಕವು. ಈ ಬೂದಿ ಕಸವೋ, ಸರಕೋ? ಇಂದಿನ ನಮ್ಮ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಕಾಂಕ್ರೀಟಿನ ಒಂದು ಹಳೆಯ ರೋಗವನ್ನು ಹೇಳಬೇಕು. ಮನೆ ಕಟ್ಟಿಸಿದವರಿಗೆಲ್ಲ ಸ್ಲ್ಯಾಬು ಹಾಕಿದ ದಿನ ನೆನಪಿರುವದು. ಕಾಯಿ ಒಡೆದು ಮಿಕ್ಸರು ಚಾಲೂ ಮಾಡುತ್ತಲೇ ಘಮೇಲೆಗಳು ಕೈಯಿಂದ ಕೈಗೆ ಏರತೊಡಗುವವು. ಮೇಲೆ ಒಬ್ಬನು ವೈಬ್ರೇಟರಿನ ಸೊಂಡಿಲನ್ನು ಹಿಡಿದು ಗುರುಗುಟ್ಟಿಸುತ್ತ ತಿರುಗುವನು. ಆ ಸದ್ದು ಯಾತಕ್ಕೆ? ಸಿಮೆಂಟು, ಉಸುಕು, ಖಡಿಗಳ ಗಟ್ಟಿ ಮಿಶ್ರಣವನ್ನು ಸುರುವಿದಾಗ ಅದರ ಹೊಟ್ಟೆಯಲ್ಲಿ ಗಾಳಿ ಸಿಕ್ಕಿಕೊಳ್ಳುವದು. ನೂರಕ್ಕೆ ಒಂದು ಪಾಲು ಗಾಳಿ ಉಳಿದರೂ ಕಾಂಕ್ರೀಟಿನ ಬಲದಲ್ಲಿ ಐದಾರು ಪಾಲು ಕಳೆದುಹೋಗುವದು. ಐದು ಪಾಲು ಉಳಿದರೆ ಬಲದ ಮೂರನೆಯ ಒಂದಂಶಕ್ಕೆ ಹತ್ತಿರ ನಷ್ಟ. ನಡುಗಿಸಿ ಗಾಳಿಯನ್ನು ಹೊರಗೆ ಹಾಕುವದೇ ವೈಬ್ರೇಟರಿನ ಕೆಲಸ. ಆದರೆ ಕಾಲಮ್ಮು-ಬೀಮುಗಳು ಕೂಡುವ ಗಂಟಿನಲ್ಲಿ ಕಬ್ಬಿಣದ ಸರಳುಗಳು ಬಿದಿರ ಮೆಳೆಯಂತೆ ಒತ್ತಾಗಿರುವವು. ಅಲ್ಲಿ ಸೊಂಡಿಲು ಇಳಿಯದು. ಸಂಜೆಯಾಗುತ್ತ ಬಂದಂತೆ ಹಿಡಿದವನ ಕೈಯೂ ಸೋಲುವದು. ಹಲಗೆ ಬಿಚ್ಚಿದ ಮೇಲೆ ನೋಡಿದರೆ ಜೇನುಗೂಡಿನಂತೆ ತೂತುಗಳು. ಅದಕ್ಕೆ ಗಿಲಾವು ಮೆತ್ತಿ ಮುಚ್ಚುವರು. ಮನೆಯ ಯಜಮಾನನಿಗೆ ತಿಳಿಯುವದೇ ಇಲ್ಲ. ತಿಳಿಯುವದು ಹತ್ತು ಹದಿನೈದು ವರ್ಷಗಳ ತರುವಾಯ, ಸರಳಿಗೆ ತುಕ್ಕು ಹಿಡಿದು ಉಬ್ಬಿ ಗಿಲಾವು ಕಳಚಿದಾಗ.

ಈ ರೋಗಕ್ಕೆ ಮದ್ದು ಹುಡುಕಿದವರು ಜಪಾನಿಗಳು. ಅಲ್ಲಿ ೧೯೮೦ರ ದಶಕದಲ್ಲಿ ನುರಿತ ಕೂಲಿಕಾರರ ಅಭಾವವಾಗಿ ಕಟ್ಟಡಗಳ ಬಾಳಿಕೆಯೇ ಕೆಡತೊಡಗಿತು. ಟೋಕಿಯೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಒಕಾಮುರಾ ಅವರು ೧೯೮೬ರಲ್ಲಿ, ಯಾರೂ ನಡುಗಿಸದೆ ತನ್ನ ಭಾರದಿಂದ ತಾನೇ ಹರಿದು ಮೂಲೆ ಮೂಲೆಯನ್ನು ತುಂಬುವ ಕಾಂಕ್ರೀಟು ಬೇಕೆಂದು ಪ್ರತಿಪಾದಿಸಿದರು. ೧೯೮೮ರಲ್ಲಿ ಅದರ ಮೊದಲ ಮಾದರಿ ಸಿದ್ಧವಾಯಿತು. ೧೯೯೮ರಲ್ಲಿ ತೆರೆದ ಅಕಾಶಿ ತೂಗುಸೇತುವೆಯ ಲಂಗರಿನ ಕಟ್ಟುಗಳಿಗೆ ಇದನ್ನೇ ಬಳಸಿ, ಎರಡೂವರೆ ವರ್ಷದ ಕೆಲಸವನ್ನು ಎರಡು ವರ್ಷಕ್ಕೆ ಇಳಿಸಿದರು. ನಾವು ಕನ್ನಡದಲ್ಲಿ ಇದನ್ನು ತಾನೇ ದಟ್ಟವಾಗುವ ಕಾಂಕ್ರೀಟು ಎನ್ನಬಹುದು. ಹರಿಯುವ ಕಾಂಕ್ರೀಟು ಎಂದರೆ ಇನ್ನೂ ಸುಲಭ.

ಹರಿಯುವದೆಂದರೆ ನೀರು ಜಾಸ್ತಿ ಹಾಕಿದರಾಯಿತು ಎಂದು ಯಾರಾದರೂ ಅಂದಾರು. ನಮ್ಮಲ್ಲಿ ಅನೇಕ ಕಡೆಗೆ ನಡೆಯುವದೂ ಅದೇ. ಮಿಶ್ರಣ ಗಟ್ಟಿಯೆನಿಸಿದ ಕೂಡಲೆ ಒಂದು ಬಕೀಟು ನೀರು. ಇದು ಹರಿಸುವದಲ್ಲ, ಕೆಡಿಸುವದು. ತಾಯಂದಿರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ. ಬರಿ ನೀರಿನಲ್ಲಿ ನಾಲ್ಕು ಶೇಂಗಾ ಕಾಳು ಹಾಕಿದರೆ ತಳಕ್ಕೆ ಹೋಗಿ ಕೂಡ್ರುವವು. ಜೋಳದ ಹಿಟ್ಟು ಕದಡಿ ಕಾಯಿಸಿದ ಅಂಬಲಿಯಲ್ಲಿ ಹಾಕಿದರೆ ಅವು ತೇಲುತ್ತ, ಅಂಬಲಿಯ ಸಂಗಡವೇ ಹರಿಯುವವು. ಖಡಿಯನ್ನು ಹೊತ್ತು ಹರಿಯುವದಕ್ಕೆ ಕಾಂಕ್ರೀಟಿಗೂ ಇಂಥ ಹಿಟ್ಟು ಬೇಕು. ಆದುದರಿಂದ ಈ ಕಾಂಕ್ರೀಟಿನಲ್ಲಿ ಖಡಿಯನ್ನು ಕಡಿಮೆ ಮಾಡಿ, ಒಂದು ಮಿಲಿಮೀಟರಿನ ಎಂಟನೆಯ ಒಂದಂಶಕ್ಕಿಂತ ನುಣ್ಣಗಿನ ಪುಡಿಯನ್ನು ಹೆಚ್ಚು ಹಾಕುತ್ತಾರೆ. ಒಂದು ಘನ ಮೀಟರಿಗೆ ಈ ಪುಡಿ ಸುಮಾರು ೪೦೦ರಿಂದ ೬೦೦ ಕಿಲೋಗ್ರಾಮು. ಇದರ ಜೊತೆಗೆ ಪಾಲಿಕಾರ್ಬಾಕ್ಸಿಲೇಟು ಎಂಬ ರಸಾಯನವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರಸುವರು. ಅದು ಸಿಮೆಂಟಿನ ಕಣಗಳು ಒಂದಕ್ಕೊಂದು ಮುದ್ದೆಗಟ್ಟದಂತೆ ದೂರ ತಳ್ಳುವದರಿಂದ ನೀರು ಹೆಚ್ಚಿಸದೆಯೇ ಹರಿವು ಬರುವದು.

ಇಷ್ಟೂ ಪುಡಿಯನ್ನು ಸಿಮೆಂಟಿನಿಂದಲೇ ಪೂರೈಸಿದರೆ? ಖರ್ಚು ಮೈಮೇಲೆ ಬೀಳುವದು. ಅದಕ್ಕಿಂತ ಹೆಚ್ಚಾಗಿ, ಸಿಮೆಂಟು ನೀರು ಕುಡಿಯುವಾಗ ಹುಟ್ಟುವ ಕಾವು ಒಳಗೇ ಕೂಡಿ, ಹೊರಮೈ ಆರಿದಾಗ ಬಿರುಕು ಬಿಡುವದು. ಇಲ್ಲಿಯೇ ಖನಿಜ ಪುಡಿಗಳ ಅವಶ್ಯಕತೆ. ಸಿಮೆಂಟಿನ ಒಂದು ಪಾಲನ್ನು ತೆಗೆದು ಆ ಸ್ಥಾನದಲ್ಲಿ ಹಾರುಬೂದಿಯನ್ನೋ ಕಬ್ಬಿಣದ ಕಾರ್ಖಾನೆಯ ಕಿಟ್ಟದ ಪುಡಿಯನ್ನೋ ಇಡುವದು.

ಬೂದಿಯನ್ನು ಸಿಮೆಂಟಿಗೆ ಬೆರಸುವದೆಂದರೆ ಕಲಬೆರಕೆಯೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಹಾಲಿಗೆ ನೀರು ಬೆರಸಿದಂತೆ ಎನ್ನುವರು. ಈ ಹೋಲಿಕೆ ಸರಿಯಲ್ಲ. ಹಾಲಿಗೆ ಹೆಪ್ಪು ಹಾಕಿದಂತೆ ಎಂದರೆ ಹೆಚ್ಚು ಹೊಂದುವದು. ಯಾಕಂದರೆ ಸಿಮೆಂಟು ನೀರಿನೊಡನೆ ಕೂಡಿದಾಗ ಎರಡು ಪದಾರ್ಥಗಳು ಹುಟ್ಟುವವು. ಒಂದು, ಕಲ್ಲಿನಂತೆ ಬಿಗಿಯುವ ಅಂಟು; ಅದೇ ಕಾಂಕ್ರೀಟಿನ ಪ್ರಾಣ. ಇನ್ನೊಂದು, ಅರಳಿದ ಸುಣ್ಣ. ಈ ಸುಣ್ಣವು ಬಲಕ್ಕೆ ಹೆಚ್ಚು ನೆರವಾಗದು. ನೀರು ಜಿನುಗಿದಲ್ಲಿ ಕರಗಿ ಹೊರಬಂದು ಗೋಡೆಯ ಮೇಲೆ ಬಿಳಿಯ ಕಲೆಯಾಗುವದು. ಹಾರುಬೂದಿಯ ಗಾಜಿನಂಥ ಸಿಲಿಕವು ಈ ಸುಮ್ಮನಿದ್ದ ಸುಣ್ಣವನ್ನು ಹಿಡಿದು, ಅದರಿಂದಲೂ ಅದೇ ಬಿಗಿಯುವ ಅಂಟನ್ನು ಮಾಡುವದು. ಸೋರುವ ಸಣ್ಣ ರಂಧ್ರಗಳು ಮುಚ್ಚುವವು, ನೀರು-ಲವಣಗಳು ಸರಳಿನವರೆಗೆ ಹೋಗಲಾರವು.

ಇದು ಹೊಸ ವಿದ್ಯೆಯೂ ಅಲ್ಲ. ರೋಮನರು ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರಸಿ ಕಟ್ಟಿದ ರೋಮಿನ ಪ್ಯಾಂಥಿಯನ್ ಗುಮ್ಮಟವು, ೪೩ ಮೀಟರು ಒಳವ್ಯಾಸವುಳ್ಳದ್ದು, ಇಂದಿಗೂ ನಿಂತಿದೆ. ನೇಪಲ್ಸಿನ ಹತ್ತಿರದ ಪೊತ್ಸುವೋಲಿ ಎಂಬ ಊರಿನಿಂದಲೇ ಇಂಥ ಪುಡಿಗಳಿಗೆ ಪೊಜೊಲಾನ ಎಂಬ ಹೆಸರು ಬಂದಿತು. ನಮ್ಮಲ್ಲಿ ಜ್ವಾಲಾಮುಖಿಯ ಬೂದಿ ಎಲ್ಲಿ ಬಂದೀತು? ನಮ್ಮ ಹಿರಿಯರು ಸುಟ್ಟ ಇಟ್ಟಿಗೆಯನ್ನು ಕುಟ್ಟಿ ಸುರ್ಕಿ ಮಾಡಿದರು. ಸುಣ್ಣದ ಗಾಣದಲ್ಲಿ ಎತ್ತು ಕಟ್ಟಿ ಅರೆದು ಗಚ್ಚು ಮಾಡಿದರು. ಸುಟ್ಟ ಮಣ್ಣಿನಲ್ಲಿರುವ ಸಿಲಿಕವೂ ಸುಣ್ಣವನ್ನು ಹಿಡಿಯುವದು ಅದೇ ರೀತಿಯಿಂದ. ವಿಜಾಪುರದ ಗೋಲಗುಮ್ಮಟವನ್ನು ನೋಡದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ೧೬೫೬ರ ಸುಮಾರಿಗೆ ಮುಗಿದ ಆ ಗುಮ್ಮಟದ ಹೊರವ್ಯಾಸ ೪೪ ಮೀಟರು. ಬುಡದಲ್ಲಿ ಅದರ ದಪ್ಪ ಸುಮಾರು ೩ ಮೀಟರು. ಒಂದು ಕಬ್ಬಿಣದ ಸರಳೂ ಇಲ್ಲದೆ, ಇಟ್ಟಿಗೆಯ ಮೇಲೆ ಗಚ್ಚಿನ ದಪ್ಪ ಪದರು ಹಾಸುತ್ತ ಅದನ್ನು ಏರಿಸಿದ್ದಾರೆ. ಇನ್ನು ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯಲ್ಲಿ ಸಿಮೆಂಟಿನ ಬದಲು ಬಳಸಿದ್ದು ಸುರ್ಕಿಯ ಗಾರೆಯನ್ನೇ. ಅಷ್ಟು ನೀರನ್ನು ಅದು ತಡೆದು ನಿಂತಿರುವಾಗ, ಬೂದಿ-ಸುರ್ಕಿಗಳನ್ನು ಕಲಬೆರಕೆಯೆಂದು ಜರೆಯುವದು ನಮಗೆ ಒಪ್ಪದು.

ಪುಡಿಗಳೆಲ್ಲ ಒಂದೇ ಗುಣದವಲ್ಲ. ಹಾರುಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಾಗಿಯ ಕಾಳಿನಂತೆ ದುಂಡಗೆ ಕಾಣುವದು. ಆ ದುಂಡುತನದಿಂದ ಕಣಗಳು ಉರುಳಿ ಕಾಂಕ್ರೀಟು ಸರಾಗವಾಗಿ ಹರಿಯುವದು, ಕಾವೂ ಕಡಿಮೆ. ಆದರೆ ಬಲ ಬರುವದು ನಿಧಾನ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆಯಲ್ಲಿ ಹುಟ್ಟುವ ಕಿಟ್ಟವನ್ನು ನೀರಿನಲ್ಲಿ ಥಟ್ಟನೆ ಆರಿಸಿ ಬೀಸಿದರೆ ಇನ್ನೊಂದು ಉತ್ತಮ ಪುಡಿ. ಸಿಮೆಂಟಿನ ಅರ್ಧದಷ್ಟನ್ನು ಇದರಿಂದ ಬದಲಿಸಿದರೂ ನಡೆಯುವದು. ಶಹಾಬಾದಿನ ಫರಸಿ ಸುಣ್ಣದ ಕಲ್ಲೇ ಆದುದರಿಂದ ಅದನ್ನು ಕೊಯ್ಯುವಾಗ ಬೀಳುವ ನುಣ್ಣನೆಯ ಹಿಟ್ಟು, ಮಣ್ಣು ಬೆರೆಯದೆ ಇದ್ದರೆ, ಸಂದು ತುಂಬುವದಕ್ಕೆ ಬರುವದು. ಅಕ್ಕಿಯ ಗಿರಣಿಗಳ ಹೊಟ್ಟಿನ ಬೂದಿ, ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯ ಬೂದಿ ಇವುಗಳಲ್ಲಿಯೂ ಸಿಲಿಕವುಂಟು. ಆದರೆ ಸುಡುವ ಕ್ರಮ ಹದವಾಗಿರದಿದ್ದರೆ ಅರೆಬೆಂದ ಇದ್ದಿಲು ಉಳಿದು, ಮೇಲೆ ಹೇಳಿದ ರಸಾಯನವನ್ನೆಲ್ಲ ಅದೇ ಹೀರಿಬಿಡುವದು. ಕಪ್ಪಾದ ಬೂದಿಯನ್ನು ಕಂಡರೆ ದೂರವಿರಬೇಕು. ಸಿಲಿಕದ ಹೊಗೆಪುಡಿ ಎಂಬುದೊಂದಿದೆ. ಅದರ ಕಣವು ಸಿಮೆಂಟಿನ ಕಣಕ್ಕಿಂತ ನೂರು ಪಾಲು ಚಿಕ್ಕದು. ಸ್ವಲ್ಪ ಹಾಕಿದರೂ ಬಲ ಬಹಳ ಏರುವದು, ಖಡಿ ತಳಕ್ಕಿಳಿಯದಂತೆ ಹಿಡಿಯುವದು. ಬೆಲೆ ಮಾತ್ರ ದುಬಾರಿ, ಹೆಚ್ಚಾದರೆ ಕಾಂಕ್ರೀಟು ಬೆಲ್ಲದ ಪಾಕದಂತೆ ಅಂಟಿಕೊಳ್ಳುವದು.

ಈ ಹೊಗೆಪುಡಿಯ ಸಂಬಂಧವಾಗಿ ಕನ್ನಡ ನಾಡಿನಲ್ಲಿಯೇ ನಡೆದದ್ದನ್ನು ಹೇಳಲೇಬೇಕು. ಕಾಳೀ ನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವನ್ನು ಕಟ್ಟುತ್ತಿದ್ದಾಗ, ೧೯೯೪ನೆಯ ಇಸವಿಯ ಮೇ ೧೩ರಂದು ಮೊದಲನೆಯ ಘಟಕದ ಒಳಗುಮ್ಮಟದ ಕೆಳಮೈಯಿಂದ ಸುಮಾರು ೧೩೦ ಟನ್ನು ಕಾಂಕ್ರೀಟು ಕಳಚಿಬಿದ್ದಿತು. ಇಂಧನವನ್ನು ಇನ್ನೂ ತುಂಬಿರಲಿಲ್ಲ. ಗುಮ್ಮಟದೊಳಗೆ ಉಕ್ಕಿನ ತಂತಿಗಳನ್ನು ಬಿಗಿದಾಗ ಅದರ ದಪ್ಪವನ್ನೇ ಎರಡಾಗಿ ಸೀಳುವ ಎಳೆತವುಂಟಾಯಿತೆಂದೂ ಅದನ್ನು ತಡೆಯುವ ಅಡ್ಡಸರಳುಗಳಿರಲಿಲ್ಲವೆಂದೂ ತನಿಖೆಯಿಂದ ತಿಳಿದುಬಂತು. ದೋಷವು ನಕ್ಷೆಯಲ್ಲಿತ್ತು. ಹೊಸದಾಗಿ ಕಟ್ಟುವಾಗ ಸರಳುಗಳನ್ನು ಸೇರಿಸಿದ್ದಲ್ಲದೆ, ಸಿಲಿಕದ ಹೊಗೆಪುಡಿಯನ್ನು ಬೆರಸಿದ, ಚದರ ಮಿಲಿಮೀಟರಿಗೆ ೬೦ ನ್ಯೂಟನ್ನು ತಾಳುವ ಉಚ್ಚ ದರ್ಜೆಯ ಕಾಂಕ್ರೀಟನ್ನು ಬಳಸಿದರು. ಎರಡನೆಯ ಘಟಕವು ೧೯೯೯ರಲ್ಲಿ, ಮೊದಲನೆಯದು ೨೦೦೦ದಲ್ಲಿ ಕ್ರಿಯೆಗೆ ಬಂದವು. ಸರಳು ಹೆಚ್ಚಾದಷ್ಟೂ ವೈಬ್ರೇಟರಿಗೆ ಎಡೆ ಕಡಿಮೆಯೆಂದು ಆಗಲೇ ಹೇಳಿದೆವಲ್ಲ. ಅದೇ ಕೈಗಾದಲ್ಲಿ ಹರಿಯುವ ಕಾಂಕ್ರೀಟಿನ ಪ್ರಯೋಗಗಳನ್ನೂ, ನಿಜವಾದ ಗಾತ್ರದ ಅಚ್ಚುಗಳಲ್ಲಿ ಸುರುವಿ ನೋಡಿದ ಪರೀಕ್ಷೆಗಳನ್ನೂ ಇಂಜಿನಿಯರರು ಮಾಡಿದರು. ಅವುಗಳ ವರದಿ ೨೦೦೪ರಲ್ಲಿ ಪ್ರಕಟವಾಯಿತು. ಕನ್ನಡ ಶಾಲೆಯಿಂದ ಹೊರಟು ಇಂಜಿನಿಯರಿಂಗ ಓದುತ್ತಿರುವ ನಮ್ಮ ಮಕ್ಕಳು ಈ ಪ್ರಕರಣವನ್ನು ಪೂರ್ತಿಯಾಗಿ ಓದಬೇಕೆಂದು ನಮ್ಮ ಆಸೆ.

ಹರಿಯುವ ಕಾಂಕ್ರೀಟಿನ ಪರೀಕ್ಷೆಯೂ ಸ್ವಾರಸ್ಯವಾಗಿದೆ. ಒಂದಡಿ ಎತ್ತರದ ತಗಡಿನ ಶಂಕುವಿನಲ್ಲಿ ಅದನ್ನು ತುಂಬಿ ಎತ್ತಿಬಿಡುವರು. ದೋಸೆಯ ಹಿಟ್ಟಿನಂತೆ ಅದು ತಾನೇ ಹರಡಿ, ಸಾಧಾರಣ ಕೆಲಸಕ್ಕೆ ೬೫೦ರಿಂದ ೭೫೦ ಮಿಲಿಮೀಟರು ಅಗಲದ ವರ್ತುಲವಾಗಬೇಕು. ಖಡಿಯು ಅಂಚಿನವರೆಗೆ ಬಂದಿರಬೇಕು. ಅಂಚಿನಲ್ಲಿ ಬರಿ ನೀರಿನ ಬಳೆ ಕಂಡರೆ ಆ ಗಾಡಿಯನ್ನು ತಿರುಗಿ ಕಳಿಸುವದೇ ಲೇಸು. ಇನ್ನೊಂದು ಎಚ್ಚರಿಕೆ: ನೀರಿನಂತೆ ಹರಿಯುವದು ನೀರಿನಂತೆಯೇ ಒತ್ತುವದು. ೩ ಮೀಟರು ಎತ್ತರದ ಕಾಲಮ್ಮಿನ ಬುಡದಲ್ಲಿ ಹಲಗೆಯ ಮೇಲೆ ಚದರ ಮೀಟರಿಗೆ ೭ ಟನ್ನಿಗೂ ಮಿಕ್ಕಿದ ಒತ್ತಡ ಬೀಳುವದು. ಹಳೆಯ ಸೆಂಟ್ರಿಂಗ ಹಲಗೆಗಳಿಗೆ ಮೊಳೆ ಬಡಿದು, ಸಂದಿಗೆ ಸಿಮೆಂಟಿನ ಚೀಲ ತುರುಕುವ ರೂಢಿ ಇಲ್ಲಿ ನಡೆಯದು.

ಹಾಗಾದರೆ ಸೈಫುಲದಲ್ಲಿ ಎರಡು ಕೋಣೆಯ ಮನೆ ಕಟ್ಟಿಸುವವನು ಹರಿಯುವ ಕಾಂಕ್ರೀಟನ್ನೇ ತರಿಸಬೇಕೆ? ಬೇಕಾಗಿಲ್ಲವೆಂದೇ ನಮ್ಮ ಅಭಿಪ್ರಾಯ. ಅದು ಸೇತುವೆ, ಎತ್ತರದ ಕಟ್ಟಡ, ಒತ್ತಾದ ಸರಳಿನ ಕೆಲಸಗಳಿಗೆ ತಕ್ಕದ್ದು. ಅದಕ್ಕೆ ತೂಗುವ ಯಂತ್ರ ಬೇಕು, ಉಸುಕಿನ ಹಸಿಯನ್ನು ಕೂಡ ಲೆಕ್ಕ ಹಿಡಿಯುವ ಜಾಣ ಬೇಕು. ಆದರೆ ಹಾರುಬೂದಿಯು ಆ ಎರಡು ಕೋಣೆಯ ಮನೆಗೂ ಆಗಲೇ ಬಂದು ಸೇರಿರುವದು. ತಾವು ಕೊಳ್ಳುವ ಪೊಜೊಲಾನ ಸಿಮೆಂಟಿನ ಚೀಲದ ಮೇಲೆ ಬೂದಿಯ ಪ್ರಮಾಣವನ್ನು ಮುದ್ರಿಸಿರುತ್ತಾರೆ; ಭಾರತೀಯ ಮಾನಕದ ಪ್ರಕಾರ ಅದು ನೂರಕ್ಕೆ ೧೫ರಿಂದ ೩೫ರವರೆಗೆ ಇರಬಹುದು. ಚೀಲವನ್ನು ಹರಿದು ಬಿಸಾಡುವ ಮೊದಲು ಓದಿರಿ. ಕಾರ್ಖಾನೆಯಲ್ಲಿ ಅಳೆದು ಬೆರಸಿದ ಮೇಲೆ, ಅಗ್ಗವಾಗಿ ಸಿಗುವದೆಂದು ಮನೆಯ ಮುಂದೆ ಇನ್ನೆರಡು ಬುಟ್ಟಿ ಬೂದಿ ಸುರುವಿದರೆ ಮಾತ್ರ ಅದು ನಿಜವಾದ ಕಲಬೆರಕೆ.

ಈಗ ನಮ್ಮೂರಿನ ಮುಖ್ಯ ತೊಂದರೆಗೆ ಬರುವೆವು. ಬೂದಿಯ ಸಿಮೆಂಟು ಬಲ ಪಡೆಯಲು ಹೊತ್ತು ಹಿಡಿಯುವದೆಂದೆವಷ್ಟೆ. ಆ ಹೊತ್ತೆಲ್ಲ ಅದಕ್ಕೆ ನೀರು ಬೇಕು. ಮಾನಕ ಸಂಹಿತೆಯ ೨೦೦೦ದ ಆವೃತ್ತಿಯಲ್ಲಿ ಸಾದಾ ಸಿಮೆಂಟಿಗೆ ಕನಿಷ್ಠ ೭ ದಿನ, ಬೂದಿಯಂಥ ಪುಡಿ ಬೆರೆತದ್ದಕ್ಕೆ ಕನಿಷ್ಠ ೧೦ ದಿನ ತೇವವಿಡಬೇಕೆಂದು ಹೇಳಿದೆ. ಬಿಸಿಲು-ಒಣಹವೆಯಲ್ಲಿ ೧೪ ದಿನಕ್ಕೆ ಬೆಳೆಸುವದು ಲೇಸೆಂದಿದೆ. ಸೊಲ್ಲಾಪುರದ ವೈಶಾಖದ ಬಿಸಿಲು ತಮಗೆ ಗೊತ್ತು. ನಳದ ನೀರು ದಿನಗಳನ್ನೆಣಿಸಿ ಬರುವ ಊರಿದು. ಕುಡಿಯುವ ನೀರಿಗೇ ಕೊಡ ಸಾಲು ಹಚ್ಚಿದಾಗ ಸ್ಲ್ಯಾಬಿಗೆ ಹದಿನಾಲ್ಕು ದಿನ ನೀರು ನಿಲ್ಲಿಸಿರೆಂದು ಹೇಳುವದು ನಾಚಿಕೆಯ ಮಾತೇ ಸರಿ. ಅದಕ್ಕಾಗಿ ಅನೇಕರು ನಾಲ್ಕೈದು ದಿನ ಸಿಂಪಡಿಸಿ ಕೈಬಿಡುವರು. ಆಗ ಬೂದಿಯು ಸುಣ್ಣವನ್ನು ಹಿಡಿಯುವ ಮೊದಲೇ ಒಣಗಿಹೋಗಿ, ಮೇಲ್ಮೈ ಪುಡಿಪುಡಿಯಾಗುವದು. ಬಳಿಕ ನಿಂದೆ ಬರುವದು ಬೂದಿಗೆ.

ಇಲ್ಲಿ ಕೂಲಿಕಾರರ ಮಾತೂ ಉಂಟು. ಇಂಡಿ, ಚಡಚಣ, ಅಕ್ಕಲಕೋಟೆಗಳ ಕಡೆಯಿಂದ ಬುತ್ತಿ ಕಟ್ಟಿಕೊಂಡು ಬಂದು ನಾಕಾದ ಮೇಲೆ ಕರೆಯುವವರಿಗಾಗಿ ಕಾಯುವ ಗಂಡಸರು ಹೆಂಗಸರು ನಮ್ಮವರೇ. ಜಪಾನಿನಲ್ಲಿ ಕೈಗಳು ಸಾಲದೆ ಹುಟ್ಟಿದ ಈ ವಿದ್ಯೆ, ಕೈಗಳು ಹೇರಳವಾಗಿರುವ ನಮ್ಮಲ್ಲಿ ಯಾರ ಹೊಟ್ಟೆಯ ಮೇಲೆ ಹೊಡೆಯುವದು ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಪಂಪಿನ ನಳಿಗೆಯಿಂದ ಹರಿದು ಬರುವ ಕಾಂಕ್ರೀಟಿಗೆ ಘಮೇಲೆ ಹೊರುವ ಹತ್ತು ಜನ ಬೇಕಾಗಿಲ್ಲ. ಅದನ್ನು ಮುಚ್ಚಿಡುವದರಲ್ಲಿ ಅರ್ಥವಿಲ್ಲ. ಆದರೆ ತಲೆಯ ಮೇಲೆ ಹಸಿ ಕಾಂಕ್ರೀಟು ಹೊತ್ತು ಮೂರು ಮಾಳಿಗೆ ಏರುವ ತಾಯಿಯ ಕುತ್ತಿಗೆಯ ನೋವನ್ನೂ, ಸಿಮೆಂಟಿನ ಸುಣ್ಣದಿಂದ ಸುಲಿದ ಅಂಗೈಯನ್ನೂ ಕಂಡವರು ಹಳೆಯ ಪದ್ಧತಿಯೇ ಸ್ವರ್ಗವೆಂದು ಹೇಳಲಾರರು. ಹೊಸ ಪದ್ಧತಿಗೆ ಬಿಗಿಯಾಗಿ ಹಲಗೆ ಕೂಡಿಸುವವರು, ಸರಳು ಕಟ್ಟುವವರು, ಶಂಕುವಿನ ಪರೀಕ್ಷೆ ಮಾಡುವವರು ಬೇಕು. ಇವು ಕಲಿತ ಕೈಗಳ ಕೆಲಸಗಳು, ಕೂಲಿಯೂ ಹೆಚ್ಚು. ನಮ್ಮ ಹುಡುಗರು ಕೈಗಾರಿಕಾ ತರಬೇತಿ ಶಾಲೆಯ ಮೆಟ್ಟಿಲು ಹತ್ತಿದರೆ ಆ ಕೂಲಿ ಅವರಿಗೆ ಬರುವದು; ಇಲ್ಲದಿದ್ದರೆ ದೂರದವರು ಬಂದು ಒಯ್ಯುವರು. ಸಂಘವು ಪ್ರತಿ ವರ್ಷ ಜಾಣ ವಿದ್ಯಾರ್ಥಿಗಳಿಗೆ ಕೊಡುವ ಬಹುಮಾನಗಳ ಸಂಗಡ ಸರಳು ಕಟ್ಟುವದನ್ನು ಕಲಿತ ಒಬ್ಬ ಹುಡುಗನಿಗೂ ಬಹುಮಾನ ಕೊಡಬಾರದೇಕೆ? ಚಾಲಕರು ವಿಚಾರಿಸಬೇಕು.

ಬೂದಿಯ ಗುಡ್ಡದ ಲೆಕ್ಕವನ್ನೂ ಮರೆಯುವಂತಿಲ್ಲ. ಒಂದು ಟನ್ನು ಸಿಮೆಂಟಿನ ಕ್ಲಿಂಕರು ಸುಡಲು ೮೦೦ ಕಿಲೋಗ್ರಾಮಿಗೂ ಹೆಚ್ಚು ಇಂಗಾಲದ ಅನಿಲ ಗಾಳಿಗೆ ಸೇರುವದು. ಅದರ ಬದಲು ಬಳಸಿದ ಬೂದಿಯು, ಒಂದು ಕಡೆಗೆ ಆ ಅನಿಲವನ್ನು ಉಳಿಸುವದು, ಇನ್ನೊಂದು ಕಡೆಗೆ ಗಾಳಿಗೆ ಹಾರಿ ರೈತರ ಬೆಳೆಯ ಮೇಲೆ ಕೂಡ್ರುವದು ತಪ್ಪುವದು. ಕೇಂದ್ರ ಸರಕಾರವು ೧೯೯೯ರಿಂದಲೂ ಹಾರುಬೂದಿಯ ಬಳಕೆಗೆ ಅಧಿಸೂಚನೆಗಳನ್ನು ಹೊರಡಿಸುತ್ತ ಬಂದಿದ್ದು, ೨೦೨೧ರ ಡಿಸೆಂಬರದ ಅಧಿಸೂಚನೆಯು ಬೂದಿಯನ್ನೆಲ್ಲ ಪೂರ್ತಿಯಾಗಿ ಉಪಯೋಗಿಸುವ ಹೊಣೆಯನ್ನು ವಿದ್ಯುತ್ ಸ್ಥಾವರಗಳ ಮೇಲೆಯೇ ಹೊರಿಸಿದೆ. ಬೂದಿಯ ಇಟ್ಟಿಗೆಗಳು ನಮ್ಮ ಸುತ್ತ ಬಳಕೆಗೆ ಬಂದಿರುವದೂ ಈ ಕಾರಣದಿಂದಲೇ. ೨೦೨೩ರಲ್ಲಿ ಸುಟ್ಟ ಜೇಡಿಮಣ್ಣು ಹಾಗೂ ಸುಣ್ಣದ ಕಲ್ಲುಗಳನ್ನು ಬೆರಸಿದ ಸಿಮೆಂಟಿಗೂ ಭಾರತೀಯ ಮಾನಕ ಬಂದಿದೆ; ಸುರ್ಕಿಯ ಮೊಮ್ಮಗನೆಂದು ಅದನ್ನು ಕರೆದರೆ ತಪ್ಪಾಗದು.

ನೀರಿನ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆವು. ಸ್ಲ್ಯಾಬಿನ ಮೇಲೆ ಮಣ್ಣಿನ ಸಣ್ಣ ಬದುಗಳನ್ನು ಕಟ್ಟಿ ಮಡಿ ಮಾಡಿ ನೀರು ನಿಲ್ಲಿಸಿದರೆ, ದಿನಕ್ಕೆ ನಾಲ್ಕು ಸಲ ಪೈಪು ಹಿಡಿಯುವದಕ್ಕಿಂತ ಎಷ್ಟೋ ಕಡಿಮೆ ನೀರು ಸಾಕು. ಕಾಲಮ್ಮುಗಳಿಗೆ ಗೋಣಿತಟ್ಟು ಸುತ್ತಿ, ತೋಯಿಸಿ, ಮೇಲೆ ಪ್ಲಾಸ್ಟಿಕ ಹಾಳೆಯನ್ನು ಬಿಗಿದರೆ ತೇವ ಬೇಗ ಆರುವದಿಲ್ಲ. ಕೆಲಸವನ್ನು ಸಂಜೆ ನಾಲ್ಕರ ತರುವಾಯ ಆರಂಭಿಸಿದರೆ ಮೊದಲ ರಾತ್ರಿಯ ತಂಪು ದೊರೆಯುವದು. ಸಾಧ್ಯವಿದ್ದವರು ಸ್ಲ್ಯಾಬನ್ನು ಚೈತ್ರ-ವೈಶಾಖಗಳಲ್ಲಿ ಹಾಕದೆ ಶ್ರಾವಣದ ವರೆಗೆ ತಡೆದರೆ ಇನ್ನೂ ಉತ್ತಮ. ಆದರೆ ಆ ತಿಂಗಳಲ್ಲಿ ಗೌಂಡಿಗಳು ಬಿತ್ತನೆಯ ಹೊಲಗಳಿಗೆ ಹೋಗಿರುತ್ತಾರೆ. ಅವರನ್ನು ಈಗಲೇ ಕೇಳಿ ಗೊತ್ತುಮಾಡಿಕೊಳ್ಳಿರಿ.